ದಿನದಿನದ ವಾಕ್ಯ, ದಿನದಿನದ ಶುದ್ಧಿ



ಮಳೆಗಾಲದಲ್ಲಿ ಎಲೆ ಕಿತ್ತು, ತೂಕ ಹಾಕಿಸಿ, ಸಂಜೆ ಪಾಡಿಗೆ ಬಂದವರು ಮೊದಲು ಮಾಡುವ ಕೆಲಸ ಯಾವುದು? ಬಾಗಿಲ ಹೊರಗೆ ನಿಂತು ಕಾಲು ತೊಳೆಯುವುದು. ಕೆಸರಿಗಾಗಿ ಮಾತ್ರವಲ್ಲ, ಜಿಗಣೆಗಾಗಿಯೂ ತೊಳೆಯುತ್ತೇವೆ. ಜಿಗಣೆ ಕಚ್ಚುವಾಗ ನೋಯುವುದಿಲ್ಲ. ಅದು ಬೆರಳ ಸಂದಿಯಲ್ಲಿ ರಕ್ತ ಕುಡಿದು ಊದಿಕೊಂಡ ಮೇಲೆಯೋ, ಉದುರಿಹೋಗಿ ಗಾಯ ಸೋರತೊಡಗಿದ ಮೇಲೆಯೋ ನಮಗೆ ತಿಳಿಯುತ್ತದೆ. ಆದುದರಿಂದಲೇ ನಮ್ಮ ತಾಯಂದಿರು ದೀಪ ಹಿಡಿದು ಮಕ್ಕಳ ಕಾಲನ್ನು ಬೆರಳು ಬೆರಳಾಗಿ ನೋಡಿ, ಉಪ್ಪು ಮುಟ್ಟಿಸಿ ಒಳಗೆ ಬಿಡುತ್ತಿದ್ದರು.

ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಕರ್ತನು ಶಿಷ್ಯರ ಕಾಲು ತೊಳೆಯಲು ಬಂದಾಗ ಪೇತ್ರನು ಮೊದಲು ಬೇಡವೇ ಬೇಡವೆಂದನು; ಆಮೇಲೆ ಕೈಯನ್ನೂ ತಲೆಯನ್ನೂ ತೊಳೆಯಬೇಕೆಂದನು. ಸ್ನಾನವಾದವನಿಗೆ ಕಾಲು ತೊಳೆದರೆ ಸಾಕೆಂಬುದು ಕರ್ತನ ಉತ್ತರದ ತಾತ್ಪರ್ಯ. ನಮಗೂ ದೀಕ್ಷಾಸ್ನಾನ ಒಮ್ಮೆ ಆಗಿದೆ. ಆದರೆ ದಾರಿಯ ಕೆಸರು ದಿನವೂ ಅಂಟುತ್ತದೆ. ನಲ್ಲಿಯ ಬಳಿ ನೆರೆಯವಳ ಮೇಲೆ ಆಡಿದ ಮಾತು, ತೂಕದ ಹತ್ತಿರ ಹುಟ್ಟಿದ ಹೊಟ್ಟೆಕಿಚ್ಚು, ಮೇಸ್ತ್ರಿಯ ಬೈಗುಳವನ್ನು ನುಂಗಿಕೊಂಡು ಬಂದು ಹೆಂಡತಿಯ ಮೇಲೆ ತೀರಿಸಿಕೊಂಡ ಸಿಟ್ಟು, ಸಂಬಳದ ದಿನ ಅಂಗಡಿಯ ಸಾಲಕ್ಕಿಂತ ಮುಂಚೆ ನೆನಪಾದ ಬಾಟಲಿ: ಇವು ಯಾವುವೂ ಕಚ್ಚುವಾಗ ನೋಯುವುದಿಲ್ಲ. ಆರು ತಿಂಗಳ ಮೇಲೆ ಮನೆಯಲ್ಲಿ ರಕ್ತ ಹರಿದಾಗ ಎಲ್ಲಿಂದ ಬಂತೆಂದು ಹುಡುಕುತ್ತೇವೆ. ಪ್ರಾಯದವನು ತನ್ನ ನಡತೆಯನ್ನು ಹೇಗೆ ಶುದ್ಧವಾಗಿ ಇಟ್ಟುಕೊಳ್ಳುವನು ಎಂಬ ಪ್ರಶ್ನೆ 119ನೆಯ ಕೀರ್ತನೆಯ 9ನೆಯ ವಚನದಲ್ಲಿದೆ; ದೇವರ ವಾಕ್ಯವನ್ನು ಗಮನಿಸಿ ನಡೆಯುವುದರಿಂದಲೇ ಎಂದು ಅಲ್ಲಿಯೇ ಉತ್ತರವಿದೆ. ಆ ಕೀರ್ತನೆಯ 176 ವಚನಗಳೂ ಹೆಚ್ಚುಕಡಿಮೆ ಈ ಒಂದೇ ಸಂಗತಿಯನ್ನು ಹಿಡಿದು ಹೊರಟಿವೆ.

ಇದನ್ನು ಅಲ್ಲವೆನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಸತ್ಯವೇದವು ಟ್ರಂಕಿನೊಳಗೆ, ಮದುವೆಯ ಸೀರೆಯ ಕೆಳಗೆ, ರೇಷನ್ ಕಾರ್ಡಿನ ಜೊತೆ ಭದ್ರವಾಗಿದೆ. ಮೊದಲ ಪುಟದಲ್ಲಿ ಹುಟ್ಟಿದವರ, ತೀರಿಕೊಂಡವರ ಹೆಸರುಗಳಿವೆ. ಮುಂದಿನ ಪುಟಗಳು ಹೊಸದಾಗಿಯೇ ಇವೆ. ದಣಿವು ಎನ್ನುತ್ತಾರೆ. ಇದನ್ನು ನೆಪವೆಂದು ತಳ್ಳಿಹಾಕುವಷ್ಟು ಧೈರ್ಯ ನಮಗಿಲ್ಲ. ಬೆಳಗಿನಿಂದ ಇಳಿಜಾರಿನಲ್ಲಿ ನಿಂತು ಬೆನ್ನ ಮೇಲೆ ಎಲೆ ಹೊತ್ತವರಿಗೆ ಅಕ್ಷರ ಕಣ್ಣ ಮುಂದೆ ಕುಣಿಯುವುದು ಸಹಜ. ಆದರೆ ಅದೇ ಕಣ್ಣು ಊಟವಾದ ಮೇಲೆ ಫೋನಿನಲ್ಲಿ ಒಂದು ಗಂಟೆ ಎಚ್ಚರವಾಗಿರುವುದನ್ನೂ ನೋಡಿದ್ದೇವೆ. ಇದನ್ನು ಬರೆಯುವವನ ಮನೆಯಲ್ಲಿಯೂ ನೋಡಿದ್ದೇವೆ.

ಇನ್ನೊಂದು ತೊಡಕು ದಣಿವಿಗಿಂತ ದೊಡ್ಡದು. ಗೂಡಲೂರಿನ ಕಡೆ ನಮ್ಮ ಮಕ್ಕಳು ಹೆಚ್ಚಾಗಿ ತಮಿಳು ಶಾಲೆಗೆ ಹೋಗುತ್ತಾರೆ. ವಯನಾಡಿನಲ್ಲಿ ಮಲಯಾಳಂ ಶಾಲೆಗೆ. ಓದಬಲ್ಲ ಮಗುವಿಗೆ ಕನ್ನಡದ ಅಕ್ಷರ ಬಾರದು. ಕನ್ನಡ ಬಲ್ಲ ಅಜ್ಜಿಗೆ ಓದು ಬಾರದು. ಇಬ್ಬರ ನಡುವೆ ಪುಸ್ತಕ ಮುಚ್ಚಿಯೇ ಇದೆ.

ಇಂಥ ತೊಡಕು ದೇವಜನರಿಗೆ ಹೊಸದಲ್ಲ. ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಸೆರೆಯಿಂದ ಹಿಂತಿರುಗಿದ ಜನರು ನೀರುಬಾಗಿಲ ಮುಂದಣ ಬಯಲಿನಲ್ಲಿ ಕೂಡಿದರು. ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಓದಿದನು. ಲೇವಿಯರು ಜನರ ನಡುವೆ ನಿಂತು ಅರ್ಥವನ್ನು ಬಿಡಿಸಿ ಹೇಳಿದರು. ಅರ್ಥವಾದೊಡನೆ ಜನರು ಅತ್ತರು. ಆಗ ಅವರಿಗೆ ಸಿಕ್ಕಿದ ಅಪ್ಪಣೆ ಏನು? ಅಳಬೇಡಿರಿ, ಹೋಗಿ ಉಣ್ಣಿರಿ, ಏನೂ ಸಿದ್ಧಮಾಡಿಕೊಳ್ಳದವರಿಗೂ ಪಾಲು ಕಳುಹಿಸಿರಿ ಎಂದು. ಓದು, ಅರ್ಥ, ಕಣ್ಣೀರು, ಕೊನೆಗೆ ನೆರೆಯವನ ಮನೆಗೆ ಹೋದ ಪಾಲು, ಎಲ್ಲವೂ ಒಂದೇ ದಿನದಲ್ಲಿ ನಡೆಯಿತು.

ನಮ್ಮ ಕೈಗೆ ಈ ಪುಸ್ತಕ ಬಂದ ಬಗೆಯೂ ಹಾಗೆಯೇ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ಎಷ್ಟೋ ವರ್ಷಗಳ ಶ್ರಮದಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಬಾಸೆಲ್ ಮಿಷನ್ನಿನವರು ಕನ್ನಡವೊಂದೇ ಸಾಕೆನ್ನಲಿಲ್ಲ. ಬೆಟ್ಟದ ಬಡಗರ ಮನೆಮಾತಿನಲ್ಲಿಯೇ ಲೂಕನ ಸುವಾರ್ತೆ 1890ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಒಲೆಯ ಮುಂದೆ ಆಡುವ ಮಾತಿಗೆ ಅವರು ಅಷ್ಟು ಬೆಲೆ ಕೊಟ್ಟರು.

ಒಂದು ಪಾಡಿಯಲ್ಲಿ ನಾವು ಕಂಡದ್ದನ್ನು ಹೇಳುತ್ತೇವೆ. ಮೊಮ್ಮಗ ತಮಿಳು ವೇದವನ್ನು ಗಟ್ಟಿಯಾಗಿ ಓದುತ್ತಾನೆ. ಅಜ್ಜಿ ಪ್ರತಿಯೊಂದು ವಚನವನ್ನೂ ತನ್ನ ಕನ್ನಡದಲ್ಲಿ ಹೇಳುತ್ತಾಳೆ; ಚಿಕ್ಕಂದಿನಲ್ಲಿ ಸಭೆಯಲ್ಲಿ ಕೇಳಿ ಕಲಿತದ್ದು ಅವಳ ಬಾಯಲ್ಲಿದೆ. ಹುಡುಗ ಒಂದು ಸಾಲು ಬಿಟ್ಟರೆ ಹಿಡಿಯುತ್ತಾಳೆ. ಒಂದು ರಾತ್ರಿ ಮತ್ತಾಯನ 18ನೆಯ ಅಧ್ಯಾಯ, ಸಾಲ ಬಿಟ್ಟ ಅರಸನ ಸಾಮ್ಯ ಬಂತು. ಓದು ಮುಗಿದ ಮೇಲೆ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದಳು. ಮರುದಿನ, ಎರಡು ವರ್ಷದಿಂದ ಮಾತು ಬಿಟ್ಟಿದ್ದ ತಂಗಿಯ ಲೈನಿಗೆ ಹೋಗಿ ಬಂದಳು. ಅಲ್ಲಿ ಏನಾಯಿತೆಂದು ನಾವು ಕೇಳಲಿಲ್ಲ.

ಯೋಹಾನನ 15ನೆಯ ಅಧ್ಯಾಯದಲ್ಲಿ ತಂದೆಯು ಫಲಕೊಡುವ ಕೊಂಬೆಯನ್ನು ಸವರುತ್ತಾನೆ. ಒಡನೆಯೇ ಶಿಷ್ಯರು ವಾಕ್ಯದಿಂದ ಶುದ್ಧರಾದರೆಂಬ ಮಾತು ಬರುತ್ತದೆ. ಗ್ರೀಕ್ ಮೂಲದಲ್ಲಿ ಸವರುವುದಕ್ಕೂ ಶುದ್ಧಮಾಡುವುದಕ್ಕೂ ಇರುವುದು ಒಂದೇ ಧಾತು. ಇದನ್ನು ಪಂಡಿತರಿಗಿಂತ ಚೆನ್ನಾಗಿ ಬಲ್ಲವರು ಕವಾತು ಮಾಡುವ ನಮ್ಮ ಗಂಡಸರು. ಚಹಾ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಮರವಾಗುತ್ತದೆ. ನೋಡಲು ಸೊಂಪು, ಆದರೆ ಕೈಗೆ ಎಟಕುವ ಚಿಗುರಿಲ್ಲ. ಕವಾತಾದ ಗುಡ್ಡವನ್ನು ಹೊಸಬರು ನೋಡಿದರೆ ಗಿಡಗಳೆಲ್ಲ ಸತ್ತವೆಂದೇ ಭಾವಿಸುತ್ತಾರೆ. ಕೆಲವು ತಿಂಗಳು ಕಾದು ನೋಡಬೇಕು.

ಆದರೆ ಕತ್ತಿ ಎಲ್ಲಿ ಬೀಳಬೇಕೆಂಬುದನ್ನು ಗಿಡ ಆರಿಸುವುದಿಲ್ಲ. ವರ್ಷದ ಕೊನೆಯ ರಾತ್ರಿ ಒಂದು ವಾಗ್ದಾನದ ಚೀಟಿ ಎತ್ತಿ ಗೋಡೆಗೆ ಅಂಟಿಸಿ, ಅದನ್ನೇ ಓದೆಂದುಕೊಳ್ಳುವವರು ಇದ್ದಾರೆ. ಚೀಟಿಯ ಡಬ್ಬಿಯಲ್ಲಿ ಗದರಿಕೆಯ ವಚನವನ್ನು ಯಾರು ಹಾಕುತ್ತಾರೆ? ಸಾಲಾಗಿ ಓದುವವರಿಗೆ ಮಾತ್ರ ಯಾಕೋಬನ 5ನೆಯ ಅಧ್ಯಾಯ ಎದುರಾಗುತ್ತದೆ: ಹಿಡಿದಿಟ್ಟ ಕೂಲಿ ತಾನೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ಬಡವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕೆನ್ನುತ್ತದೆ. ಇದನ್ನು ಓದಿ ನಾವು ತಲೆಯೆತ್ತುತ್ತೇವೆ, ಎತ್ತಲೂ ಬೇಕು. ಜ್ಞಾನೋಕ್ತಿಯ 11ನೆಯ ಅಧ್ಯಾಯದ ಮೊದಲ ವಚನವೋ ಮೋಸದ ತಕ್ಕಡಿಯನ್ನು ಕುರಿತದ್ದು. ತೂಕದಲ್ಲಿ ಕಡಿಮೆ ಬರೆಯುವವನಿಗೂ ಅದು ಕತ್ತಿ. ಎಲೆಗೆ ನೀರು ಚಿಮುಕಿಸಿ ಚೀಲ ತಂದವನಿಗೂ ಕತ್ತಿ. ಮೊದಲನೆಯವನ ಮೇಲೆ ಬಿದ್ದಾಗ ಗಟ್ಟಿಯಾಗಿ ಆಮೆನ್ ಎಂದವರು ಎರಡನೆಯದಕ್ಕೂ ಅನ್ನಬೇಕಲ್ಲವೇ?

ಬರುವ ಸೋಮವಾರ ಮಾರ್ಕನ ಸುವಾರ್ತೆಯಿಂದ ಆರಂಭಿಸೋಣ. ಹದಿನಾರು ಅಧ್ಯಾಯಗಳು, ರಾತ್ರಿ ಅನ್ನ ಬಡಿಸುವ ಮುಂಚೆ, ದಿನಕ್ಕೆ ಒಂದು. ಅದರ ಮೇಲೆ ಐದು ದಿನ ಯಾಕೋಬನ ಪತ್ರಿಕೆ. ಒಬ್ಬರು ಗಟ್ಟಿಯಾಗಿ ಓದಲಿ, ತಮಿಳಾಗಲಿ ಮಲಯಾಳವಾಗಲಿ ಚಿಂತೆಯಿಲ್ಲ; ಹಿರಿಯರು ಕನ್ನಡದಲ್ಲಿ ತಿರುಗಿ ಹೇಳಲಿ. ಓದುವವರೇ ಇಲ್ಲದ ಮನೆಯವರು ಫೋನಿನಲ್ಲಿ ಕನ್ನಡ ವೇದವನ್ನು ಕೇಳಬಹುದು, ಅಥವಾ ಪಕ್ಕದ ಮನೆಯವರನ್ನು ಕರೆಯಬಹುದು. ಕನ್ನಡ ಅಕ್ಷರ ಕಲಿಯಬೇಕೆನ್ನುವ ಮಕ್ಕಳನ್ನು ಭಾನುವಾರ ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ಬಿಟ್ಟುಹೋಗಿರಿ. ಸ್ಲೇಟು ಬಳಪ ನಮ್ಮಲ್ಲಿವೆ.