ಹಳೆಯ ಮೋಟಾರಿನ ಬಲ

ಹಳೆಯ ವಸ್ತುಗಳಲ್ಲಿ ನಮ್ಮ ಗೃಹಸ್ಥರಿಗಿರುವ ವಿಶ್ವಾಸವು ಅಕಾರಣವಾದುದಲ್ಲ. ಅಜ್ಜಿಯ ಕಾಲದ ಕಂಚಿನ ಪಾತ್ರೆಯೂ ಹಲಸಿನ ಮರದ ಬಾಗಿಲೂ ಇಂದಿಗೂ ಗಟ್ಟಿಯಾಗಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಮೋಟಾರು ಗಾಡಿಯ ವಿಷಯದಲ್ಲಿಯೂ ಇದೇ ವಿಶ್ವಾಸವನ್ನು ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಯು ಕಳೆದ ತಿಂಗಳು ನಮ್ಮೆದುರಿಗೆ ಬಂದಿತು.

ನಮ್ಮ ಮಿತ್ರರೊಬ್ಬರ ಮನೆಯಲ್ಲಿ ಅವರ ತಂದೆಯವರು ಕೊಂಡಿದ್ದ ಹಳೆಯ ಕಾರೊಂದಿದೆ. ಮಿತ್ರರ ಮಗಳಿಗೆ ಪಕ್ಕದ ಪಟ್ಟಣದಲ್ಲಿ ಕೆಲಸ ದೊರೆತು, ಆಕೆಯು ಪ್ರತಿದಿನವೂ ಹೆದ್ದಾರಿಯಲ್ಲಿ ಹೋಗಿಬರಬೇಕಾಗಿದೆ. “ಈಗಿನ ಗಾಡಿಗಳೆಲ್ಲ ತಗಡಿನ ಡಬ್ಬಿಗಳು, ಬೆರಳಿನಿಂದ ಒತ್ತಿದರೆ ತಗ್ಗುತ್ತವೆ. ಅಪ್ಪನ ಕಾರು ಉಕ್ಕು. ಮಗಳಿಗೆ ಅದನ್ನೇ ಕೊಡುತ್ತೇನೆ” ಎಂದು ಮಿತ್ರರ ಹಠ. ಅವರ ಪತ್ನಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಕಡೆಗೆ ಇಬ್ಬರೂ “ನೀವೇ ಹೇಳಿ” ಎಂದು ನಮ್ಮನ್ನು ಕೇಳಿದರು. ಮಗಳ ಪ್ರಾಣದ ಮಾತಾದುದರಿಂದ ಊಹೆಯಿಂದ ಉತ್ತರ ಕೊಡುವುದು ತರವಲ್ಲವೆಂದು ನಾವು ವಿಚಾರಿಸಿ ತಿಳಿದುದನ್ನು ವಾಚಕರ ಮುಂದೆಯೂ ಇಡುತ್ತೇವೆ.

ಅಮೆರಿಕದಲ್ಲಿ ವಿಮಾ ಕಂಪೆನಿಗಳವರು ಹೆದ್ದಾರಿಯ ಸುರಕ್ಷತೆಗಾಗಿ 1959ರಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಅದಕ್ಕೆ ಐವತ್ತು ವರ್ಷ ತುಂಬಿದ 2009ರಲ್ಲಿ, ಆ ಸಂಸ್ಥೆಯವರು 1959ರ ಷೆವ್ರೊಲೆ ಬೆಲ್ ಏರ್ ಗಾಡಿಯನ್ನೂ ಅದೇ ಕಂಪೆನಿಯ 2009ರ ಮಾಲಿಬು ಗಾಡಿಯನ್ನೂ ಎದುರುಬದುರಾಗಿ ಓಡಿಸಿ, ಚಾಲಕರಿರುವ ಪಕ್ಕದಲ್ಲಿ ಒಂದಕ್ಕೊಂದು ಢಿಕ್ಕಿ ಹೊಡೆಯಿಸಿದರು. ಒಂದೊಂದರ ವೇಗವೂ ಗಂಟೆಗೆ ಸುಮಾರು 40 ಮೈಲಿ, ಎಂದರೆ 64 ಕಿಲೋಮೀಟರು. ಭಾರದಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿರಲಿಲ್ಲ. ಚಾಲಕರ ಸ್ಥಾನದಲ್ಲಿ ಕೂಡಿಸಿದ್ದುದು ಮನುಷ್ಯರ ಅಳತೆಯ ಬೊಂಬೆಗಳನ್ನು. ಪೆಟ್ಟನ್ನು ಅಳೆಯುವ ಯಂತ್ರಗಳು ಅವುಗಳ ಒಡಲಿನಲ್ಲಿಯೇ ಇರುತ್ತವೆ.

ಹಳೆಯ ಗಾಡಿಯ ಉಕ್ಕಿನ ಮೈ ಗೆಲ್ಲುವುದೆಂದು ಎಣಿಸಿದವರಿಗೆ ಫಲವು ಆಶ್ಚರ್ಯಕರವಾಗಿತ್ತು. ಅದರಲ್ಲಿ ಜನರು ಕುಳಿತುಕೊಳ್ಳುವ ಭಾಗವೇ ಕುಸಿಯಿತು. ಚಾಲಕನ ಬಾಗಿಲು ತೆರೆದುಕೊಂಡಿತು. ಮುಂಗಡೆಯ ಗಾಜು ಪೂರ್ತಿಯಾಗಿ ಕಿತ್ತುಹೋಯಿತು. ಚಾಲಕನ ಪಕ್ಕದಲ್ಲಿ ಆಸನವು ನೆಲದಿಂದ ಬೇರ್ಪಟ್ಟಿತು. ಅಲ್ಲಿ ನಿಜವಾದ ಮನುಷ್ಯನಿದ್ದಿದ್ದರೆ ಬದುಕುತ್ತಿರಲಿಲ್ಲವೆಂದು ಪರೀಕ್ಷಕರು ನಿರ್ಣಯಿಸಿದರು. ಹೊಸ ಗಾಡಿಯ ಮೂತಿಯು ಜಜ್ಜಿಹೋದರೂ ಒಳಗಣ ಕೋಣೆಯು ತನ್ನ ಆಕಾರವನ್ನು ಉಳಿಸಿಕೊಂಡಿತು; ಅದರ ಚಾಲಕನಿಗೆ ಕಾಲಿನಲ್ಲಿ ಪೆಟ್ಟಾಗುವ ಸಂಭವವಿದ್ದಿತೇ ಹೊರತು ಪ್ರಾಣಕ್ಕೆ ಅಪಾಯವಿರಲಿಲ್ಲ.

ಇದಕ್ಕೆ ಕಾರಣವೇನೆಂಬುದನ್ನು ನೋಡೋಣ. 64 ಕಿಲೋಮೀಟರು ವೇಗವೆಂದರೆ, ಸುಮಾರು 16 ಮೀಟರು ಎತ್ತರದ ಐದಂತಸ್ತಿನ ಕಟ್ಟಡದ ಮೇಲಿನಿಂದ ಬಿದ್ದವನು ನೆಲವನ್ನು ಮುಟ್ಟುವಾಗ ಇರುವ ವೇಗ. ಕಲ್ಲಿನ ಮೇಲೆ ಬೀಳುವುದಕ್ಕೂ ಹುಲ್ಲಿನ ಮೆದೆಯ ಮೇಲೆ ಬೀಳುವುದಕ್ಕೂ ಇರುವ ಭೇದವನ್ನು ಹಳ್ಳಿಯ ಹುಡುಗನೂ ಬಲ್ಲನು. ಮೆದೆಯು ತಾನು ಕುಗ್ಗಿ, ಬಿದ್ದವನನ್ನು ಮೆಲ್ಲನೆ ನಿಲ್ಲಿಸುತ್ತದೆ. ಗಾಡಿಯ ಮೂತಿಯು ಹುಲ್ಲಿನಂತೆ ಕುಗ್ಗಬೇಕು. ಜನರು ಕುಳಿತ ಕೋಣೆಯಾದರೋ ಕುಗ್ಗಲೇ ಕೂಡದು. ಹಳೆಯ ಗಾಡಿಯಲ್ಲಿ ಈ ವಿಭಾಗವಿಲ್ಲ. ಉಕ್ಕು ದಪ್ಪವಾಗಿದ್ದರೂ ಅದು ಎಲ್ಲಿ ಮಣಿಯಬೇಕು, ಎಲ್ಲಿ ನಿಲ್ಲಬೇಕು ಎಂಬ ಏರ್ಪಾಡನ್ನು ಯಾರೂ ಮಾಡಿರಲಿಲ್ಲ. ಆದುದರಿಂದ ಹೊಸ ಗಾಡಿಯು ನಜ್ಜುಗುಜ್ಜಾದುದನ್ನು ಕಂಡು ಅದನ್ನು ದುರ್ಬಲವೆನ್ನುವುದು ಸರಿಯಲ್ಲ; ಒಳಗಿನವರಿಗೆ ತಗಲಬೇಕಾಗಿದ್ದ ಪೆಟ್ಟನ್ನು ಅದು ತಾನು ತಿಂದಿರುತ್ತದೆ.

ವಿಚಿತ್ರವೇನೆಂದರೆ, ಆ ಬೆಲ್ ಏರ್ ಗಾಡಿ ತಯಾರಾದ 1959ರಲ್ಲಿಯೇ ಯೂರೋಪಿನಲ್ಲಿ ಇದಕ್ಕೆ ಉಪಾಯಗಳು ಹೊರಬಂದಿದ್ದವು. ಮೂತಿಯು ಕುಗ್ಗುವ ಗಾಡಿಯ ಕಲ್ಪನೆಯು ಬೇಲಾ ಬಾರೆನ್ಯಿ ಎಂಬ ಇಂಜಿನಿಯರರದು. ಮರ್ಸಿಡಿಸ್ ಕಂಪೆನಿಯು ಅದನ್ನು ಆ ವರ್ಷ ಮಾರಾಟದ ಗಾಡಿಯಲ್ಲಿ ಅಳವಡಿಸಿತು. ಹೆಗಲನ್ನೂ ಸೊಂಟವನ್ನೂ ಸೇರಿಸಿ ಹಿಡಿಯುವ ಸೀಟುಬೆಲ್ಟನ್ನು ನಿಲ್ಸ್ ಬೊಲಿನ್ ಎಂಬವರು ರೂಪಿಸಿದರು. ವೋಲ್ವೊ ಕಂಪೆನಿಯು ಅದನ್ನೂ ಅದೇ ವರ್ಷ ಬಳಕೆಗೆ ತಂದು, ಇತರ ಕಂಪೆನಿಗಳೂ ಉಪಯೋಗಿಸಲೆಂದು ಬಿಟ್ಟುಕೊಟ್ಟಿತು.

ಐವತ್ತು ವರ್ಷಗಳ ಅಂತರವೇ ಬೇಕೆಂದಿಲ್ಲ. 2017ರಲ್ಲಿ ಆಸ್ಟ್ರೇಲಿಯಾದ ಪರೀಕ್ಷಕರು 1998ರ ಟೊಯೋಟ ಕೊರೊಲ್ಲಾ ಗಾಡಿಯನ್ನು 2015ರ ಕೊರೊಲ್ಲಾದೊಡನೆ ಢಿಕ್ಕಿ ಹೊಡೆಯಿಸಿದಾಗ, 16 ಅಂಕಗಳಲ್ಲಿ ಹೊಸದಕ್ಕೆ 12.93 ಬಂದರೆ ಹಳೆಯದಕ್ಕೆ ದೊರೆತುದು 0.40 ಮಾತ್ರ. ಹೆಸರು ಒಂದೇ, ಹದಿನೇಳು ವರ್ಷಗಳಲ್ಲಿ ಆದ ಭೇದವಿಷ್ಟು.

ಹಾಗಾದರೆ ಹೊಸದೆಲ್ಲವೂ ಒಳ್ಳೆಯದೋ ಎಂದರೆ, ಹಾಗೂ ಅಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯವರು ಆಗ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ ಅಗ್ಗದ ಮಾದರಿಗಳನ್ನು ಪರೀಕ್ಷಿಸಿದಾಗ, ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಒಂದು ನಕ್ಷತ್ರವೂ ದೊರೆಯಲಿಲ್ಲ. ಅವುಗಳಲ್ಲೊಂದಾದ ಫೋಕ್ಸ್‌ವಾಗನ್ ಪೋಲೊ ಗಾಡಿಯು ಎರಡು ಏರ್‌ಬ್ಯಾಗುಗಳನ್ನು ಹೊಂದಿದ ರೂಪದಲ್ಲಿ ನಾಲ್ಕು ನಕ್ಷತ್ರಗಳನ್ನು ಪಡೆಯಿತು. ನಮ್ಮ ದೇಶದಲ್ಲಿ ಢಿಕ್ಕಿಯ ಪರೀಕ್ಷೆಯು ಹೊಸ ಮಾದರಿಗಳಿಗೆ 2017ರ ಅಕ್ಟೋಬರಿನಿಂದಲೂ ಉಳಿದವುಗಳಿಗೆ 2019ರ ಅಕ್ಟೋಬರಿನಿಂದಲೂ ಕಡ್ಡಾಯವಾಯಿತು. ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ ವ್ಯವಸ್ಥೆಯು 2023ರ ಅಕ್ಟೋಬರಿನಲ್ಲಿ ಆರಂಭವಾಯಿತು. ಕೈಬದಲಾದ ಗಾಡಿಯನ್ನು ಕೊಳ್ಳುವ ಗೃಹಸ್ಥರು ಬಣ್ಣವನ್ನೂ ಓಡಿದ ದೂರವನ್ನೂ ವಿಚಾರಿಸುವಂತೆಯೇ, ಅದು ತಯಾರಾದ ವರ್ಷವನ್ನೂ ಏರ್‌ಬ್ಯಾಗುಗಳನ್ನೂ ಆ ಮಾದರಿಗೆ ದೊರೆತ ನಕ್ಷತ್ರಗಳನ್ನೂ ವಿಚಾರಿಸತಕ್ಕದ್ದು. ಗಾಡಿಯು ಎಂಥದೇ ಆಗಿರಲಿ, ಹಿಂದೆ ಕುಳಿತವರೂ ಬೆಲ್ಟನ್ನು ಕಟ್ಟಿಕೊಳ್ಳತಕ್ಕದ್ದು.

ಇಷ್ಟನ್ನೂ ಕೇಳಿ ನಮ್ಮ ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. “ಹಾಗಾದರೆ ಅಪ್ಪನ ಕಾರನ್ನು ಮಾರಿಬಿಡಬೇಕೆ?” ಎಂದು ಅವರು ಕೇಳಿದಾಗ, ಉತ್ತರ ಕೊಟ್ಟವರು ಅವರ ಪತ್ನಿ: “ಮಾರುವುದೇಕೆ? ಮಾವನವರ ನೆನಪಿಗೆ ಮನೆಯಲ್ಲಿರಲಿ. ಆಯುಧಪೂಜೆಯ ದಿನ ಹೂವೇರಿಸಿ, ನಾವಿಬ್ಬರೂ ದೇವಸ್ಥಾನದವರೆಗೆ ನಿಧಾನವಾಗಿ ಹೋಗಿಬರೋಣ. ಮಗಳಿಗೆ ಮಾತ್ರ ಅದು ಬೇಡ.” ಇದಕ್ಕಿಂತ ಉತ್ತಮವಾದ ತೀರ್ಪನ್ನು ಕೊಡಲು ನಮಗೂ ಸಾಧ್ಯವಿರಲಿಲ್ಲ.