ಹಣ ಮರಳಿಸುವುದಾದರೆ ಕಾರ್ಡಿಗೇ ಮರಳಿಸಿರಿ

‘ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ’ ಎಂಬ ಫಲಕವು ನಮ್ಮ ಅಂಗಡಿಗಳಲ್ಲಿ ದೇವರ ಪಟದಷ್ಟೇ ಸಾಮಾನ್ಯವಾದದ್ದು. ನಗದು ವ್ಯವಹಾರದ ಕಾಲದಲ್ಲಿ ಆ ಫಲಕಕ್ಕೆ ಒಂದು ಬಲವಿತ್ತು. ಹಣ ವರ್ತಕನ ಗಲ್ಲಾಪೆಟ್ಟಿಗೆಯಲ್ಲಿ ಭದ್ರವಾಗಿರುತ್ತಿತ್ತು. ಕ್ರೆಡಿಟ್ ಕಾರ್ಡಿನ ವ್ಯವಹಾರದಲ್ಲಿ ಹಾಗಲ್ಲ. ನಮ್ಮ ಖಾತೆಗೆ ಜಮೆಯಾದ ಹಣವನ್ನು ತಿಂಗಳುಗಳ ತರುವಾಯವೂ ಹಿಂದಕ್ಕೆ ಸೆಳೆದುಕೊಳ್ಳುವ ಅಧಿಕಾರ ಬ್ಯಾಂಕಿಗಿದೆ. ಸ್ವೈಪಿಂಗ್ ಯಂತ್ರ ಪಡೆಯುವಾಗ ಸಹಿ ಮಾಡಿದ ಕರಾರಿನಲ್ಲಿ ಆ ಅಧಿಕಾರವನ್ನು ನಾವೇ ಕೊಟ್ಟಿರುತ್ತೇವೆ. ಆ ಕರಾರನ್ನು ಪೂರ್ತಿಯಾಗಿ ಓದಿದ ವರ್ತಕರನ್ನು ನಾನು ಕಂಡದ್ದು ವಿರಳ.

ನಮ್ಮ ಕಚೇರಿಗೆ ಲೆಕ್ಕಪತ್ರ ತರುವ ಪೀಠೋಪಕರಣ ವ್ಯಾಪಾರಿಯೊಬ್ಬರ ಅನುಭವವನ್ನು ಇಲ್ಲಿ ಹೇಳಬೇಕು. ಹಿರಿಯ ಗ್ರಾಹಕರೊಬ್ಬರು 38,000 ರೂಪಾಯಿಯ ಊಟದ ಮೇಜನ್ನು ಕೊಂಡು, ಊರಿಗೆ ಬಂದಿದ್ದ ಮಗನ ಕಾರ್ಡಿನಿಂದ ಹಣ ಪಾವತಿಸಿದರು. ವಾರದಲ್ಲಿ ಮೇಜಿನ ಹಲಗೆ ಸೀಳಿತು. ನಮ್ಮ ವ್ಯಾಪಾರಿ ಸಜ್ಜನರು; ತಕರಾರಿಲ್ಲದೆ ಮೇಜನ್ನು ಹಿಂದಕ್ಕೆ ಪಡೆದು, ‘ಕಾರ್ಡಿಗೆ ಹಾಕಿದರೆ ದಿನಗಟ್ಟಲೆ ಕಾಯಬೇಕು’ ಎಂದು ಅಷ್ಟೂ ಹಣವನ್ನು ನಗದಾಗಿಯೇ ಕೊಟ್ಟರು. ರಸೀದಿ ಬರೆಸಿಕೊಳ್ಳಲಿಲ್ಲ. ಎರಡು ತಿಂಗಳ ನಂತರ, ಮೇಜು ಹಿಂದಿರುಗಿದ ಸಂಗತಿ ಮಾತ್ರ ತಿಳಿದಿದ್ದ ಮಗ, ಕಾರ್ಡಿನ ಬಿಲ್ಲಿನಲ್ಲಿ ಜಮೆ ಕಾಣದೆ ತನ್ನ ಬ್ಯಾಂಕಿಗೆ ದೂರು ಕೊಟ್ಟ. ವ್ಯಾಪಾರಿಯ ದಿನದ ಜಮೆಯಿಂದ 38,000 ರೂಪಾಯಿ ಕಡಿತವಾಯಿತು. ಇಲ್ಲಿ ಯಾರೂ ಮೋಸಗಾರರಲ್ಲ. ಆದರೂ ಒಂದೇ ಮೇಜಿಗೆ ಎರಡು ಬಾರಿ ಹಣ ಹೋಯಿತು. ತಂದೆಯವರು ತಮ್ಮ ಕೈ ಸೇರಿದ ನಗದನ್ನು ಒಪ್ಪಿಕೊಂಡು ಹಿಂದಿರುಗಿಸಿದ್ದರಿಂದ ಆ ಪ್ರಕರಣ ಅಲ್ಲಿಗೆ ಮುಗಿಯಿತು. ಎಲ್ಲರಿಗೂ ಅಂತಹ ಗ್ರಾಹಕರು ಸಿಗುವುದಿಲ್ಲ.

ಈ ಕಡಿತಕ್ಕೆ ಚಾರ್ಜ್‌ಬ್ಯಾಕ್ ಎಂದು ಹೆಸರು. ಗ್ರಾಹಕನು ದೂರು ಕೊಡುವುದು ತನಗೆ ಕಾರ್ಡು ನೀಡಿದ ಬ್ಯಾಂಕಿಗೆ. ಆ ಬ್ಯಾಂಕು ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲದ ಮೂಲಕ, ನಮಗೆ ಯಂತ್ರ ನೀಡಿದ ಬ್ಯಾಂಕಿನಿಂದ ಹಣವನ್ನು ಕೇಳುತ್ತದೆ. ನಮ್ಮ ಬ್ಯಾಂಕು ನಮ್ಮಿಂದ ವಸೂಲು ಮಾಡುತ್ತದೆ. ಸರಕು ತಲುಪಲಿಲ್ಲ, ಹೇಳಿದಂತೆ ಇರಲಿಲ್ಲ, ಮರಳಿಸಿದರೂ ಹಣ ಬರಲಿಲ್ಲ, ಎರಡು ಬಾರಿ ಉಜ್ಜಿದರು ಎಂಬಂತಹ ಕಾರಣಗಳಿಗೆ ವೀಸಾ ಮತ್ತು ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಸಾಮಾನ್ಯವಾಗಿ 120 ದಿನಗಳವರೆಗೆ ಅವಕಾಶವಿದೆ. ಚಿಪ್ ಮತ್ತು ಪಿನ್ ಬಂದ ಮೇಲೆ ‘ಈ ಖರೀದಿ ನನ್ನದಲ್ಲ’ ಎನ್ನುವುದು ಕಷ್ಟವಾಗಿದೆ, ನಿಜ. ಆದರೆ ಮೇಲಿನ ದೂರುಗಳಿಗೆ ಪಿನ್ ಉತ್ತರವಾಗದು.

ಗ್ರಾಹಕನ ಪರವಾಗಿರುವ ನಿಯಮಗಳೂ ಬಲವಾಗಿವೆ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಕಾರ್ಡಿನ ಬಿಲ್ಲಿಗೆ ಆಕ್ಷೇಪಣೆ ಬಂದರೆ ಬ್ಯಾಂಕು 30 ದಿನಗಳೊಳಗೆ ವಿವರಣೆ ಕೊಡಬೇಕು. ಬಿಲ್ಲಿನ ಕಡೆಯ ದಿನಾಂಕಕ್ಕೆ ಮೊದಲು ಬಂದ ಮರುಪಾವತಿಯನ್ನು ಆ ಬಾಕಿಗೇ ಹೊಂದಿಸಬೇಕು. ಯಂತ್ರದಲ್ಲಿ ವ್ಯವಹಾರ ವಿಫಲವಾಗಿಯೂ ಗ್ರಾಹಕನ ಖಾತೆಗೆ ಖರ್ಚು ಬಿದ್ದಿದ್ದರೆ, 2019ರ ಸುತ್ತೋಲೆಯ ಪ್ರಕಾರ ವ್ಯವಹಾರದ ದಿನದ ನಂತರ 5 ದಿನಗಳೊಳಗೆ ಅದು ತಾನಾಗಿಯೇ ಮರಳಬೇಕು; ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇಂತಹ ಗ್ರಾಹಕನಿಗೆ ನಮ್ಮ ಗಲ್ಲಾದಿಂದ ನಗದು ಕೊಡುವ ಉದಾರತೆ ಬೇಡ.

ಇನ್ನು ಆ ಫಲಕದ ವಿಷಯ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದೇ ಪರಿಗಣಿಸುತ್ತದೆ. ಗೋಡೆಯ ಫಲಕ ಇಳಿಸಿ, ಎಷ್ಟು ದಿನ, ಯಾವ ಷರತ್ತು, ಹಣವೋ ಬದಲಿ ಸರಕೋ ಎಂಬುದನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸುವುದೇ ಲೇಸು. ವಿವಾದ ಎದ್ದಾಗ ಬ್ಯಾಂಕಿಗೆ ತೋರಿಸಲು ಸಾಧ್ಯವಾಗುವುದು ಗ್ರಾಹಕನ ಕೈಗೆ ಕೊಟ್ಟ ಕಾಗದವೇ ಹೊರತು ಗೋಡೆಯಲ್ಲ.

ಹಣ ಮರಳಿಸುವಾಗ ವ್ಯವಹಾರ ನಡೆದ ದಿನವೇ, ಯಂತ್ರದ ದಿನದ ಲೆಕ್ಕ ಮುಗಿಯುವ ಮೊದಲಾದರೆ, ‘ವಾಯ್ಡ್’ ಮಾಡಬಹುದು. ನಂತರವಾದರೆ ‘ರೀಫಂಡ್’ ಮಾಡಬೇಕು; ಅದೂ ಹಣ ಬಂದ ಕಾರ್ಡಿಗೇ. ಬೇರೆ ಕಾರ್ಡಿಗೆ, ಯುಪಿಐಗೆ ಎಂದು ಗ್ರಾಹಕ ಎಷ್ಟೇ ವಿನಂತಿಸಿದರೂ ಒಪ್ಪಬಾರದು. ಜಮೆ ಕಾಣಲಿಲ್ಲವೆಂದು ಗ್ರಾಹಕ ಮತ್ತೆ ಬಂದರೆ, ನಮ್ಮ ಬ್ಯಾಂಕಿನಿಂದ ಆ ಮರುಪಾವತಿಯ ಎಆರ್‌ಎನ್ ಎಂಬ 23 ಅಂಕಿಗಳ ಸಂಖ್ಯೆಯನ್ನು ಪಡೆದು ಕೊಡಬೇಕು. ಅದರ ಜಾಡು ಹಿಡಿದು ಹಣ ಎಲ್ಲಿದೆಯೆಂದು ಅವನ ಬ್ಯಾಂಕು ಹೇಳಬಲ್ಲದು. ಯಂತ್ರದ ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ ಅದರ ನಕಲನ್ನೋ ಫೋಟೋವನ್ನೋ ಬಿಲ್ಲಿನೊಂದಿಗೆ ಇಡಬೇಕು. ಲೆಕ್ಕಪರಿಶೋಧಕನಾಗಿ ಇನ್ನೊಂದು ಮಾತು: ಯಂತ್ರದಲ್ಲಿ ರೀಫಂಡ್ ಮಾಡಿದೊಡನೆ ಜಿಎಸ್‌ಟಿ ಲೆಕ್ಕ ಸರಿಹೋಗುವುದಿಲ್ಲ. ಕ್ರೆಡಿಟ್ ನೋಟ್ ಬರೆದು, ಮುಂದಿನ ಹಣಕಾಸು ವರ್ಷದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವುಗಳಲ್ಲಿ ಯಾವುದು ಮೊದಲೋ ಅಷ್ಟರೊಳಗೆ ತೋರಿಸದಿದ್ದರೆ, ಹಿಂದಿರುಗಿ ಬಂದ ಸರಕಿನ ತೆರಿಗೆಯ ಹೊರೆ ನಮ್ಮ ಮೇಲೆಯೇ ಉಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಬ್ಯಾಂಕುಗಳ ಲೋಪವನ್ನೂ ಹೇಳದೆ ಇರಲಾರೆ. ಗ್ರಾಹಕನಿಗೆ ತಿಂಗಳುಗಳ ಅವಕಾಶ; ವರ್ತಕನಿಗಾದರೋ ಉತ್ತರಿಸಲು ಕೆಲವೇ ದಿನಗಳು. ಆ ಸೂಚನೆಯೂ ಯಂತ್ರ ಹಾಕಿಸಿದಾಗ ಯಾರೋ ಕೊಟ್ಟ ಇ-ಮೇಲ್ ವಿಳಾಸಕ್ಕೆ, ಇಂಗ್ಲಿಷಿನಲ್ಲಿ, ಕಾರಣದ ಬದಲು ಒಂದು ಸಂಕೇತಸಂಖ್ಯೆಯೊಡನೆ ಬರುತ್ತದೆ. ಪೀಠೋಪಕರಣ ವ್ಯಾಪಾರಿಗೆ ಬಂದ ಸೂಚನೆ ಅವರ ಹಿಂದಿನ ಗುಮಾಸ್ತನ ಮೇಲ್‌ಗೆ ಹೋಗಿತ್ತು. ಆತ ಕೆಲಸ ಬಿಟ್ಟು ವರ್ಷವಾಗಿತ್ತು. ನಮ್ಮ ಸಂಸ್ಥೆಯು ಬ್ಯಾಂಕುಗಳೊಡನೆ ನಡೆಸುವ ಮುಂದಿನ ಸಮಾಲೋಚನೆಯಲ್ಲಿ ಮೂರು ಬೇಡಿಕೆಗಳನ್ನು ಮುಂದಿಡಲಿ: ಸೂಚನೆ ಕನ್ನಡದಲ್ಲಿಯೂ ಬರಲಿ, ನೋಂದಾಯಿತ ಮೊಬೈಲಿಗೂ ಬರಲಿ, ಉತ್ತರಿಸುವ ಗಡುವು ಮುಗಿಯುವವರೆಗೆ ಜಮೆಯಿಂದ ಕಡಿತ ಮಾಡದಿರಲಿ. ಅಷ್ಟರಲ್ಲಿ ಸದಸ್ಯರು ತಮ್ಮ ಯಂತ್ರದ ಕರಾರಿನಲ್ಲಿ ಯಾರ ಇ-ಮೇಲ್ ವಿಳಾಸವಿದೆಯೆಂದು ನಾಳೆಯೇ ನೋಡಿಕೊಳ್ಳುವುದು ಒಳಿತು.