ಕೊಂಡವನಿಗೇ ಬೀಗ

ವಿಡಿಯೋ ಗೇಮ್ ಕದಿಯುವವರ ಪಕ್ಷ ವಹಿಸಲು ನಾನು ಹೊರಟಿಲ್ಲ. ಆಟ ಕಟ್ಟುವವರೂ ದುಡಿಮೆಗಾರರೇ. ಆದರೆ ಕಳವು ತಡೆಯುವ ಹೆಸರಿನಲ್ಲಿ ಕಂಪನಿಗಳು ಕಟ್ಟಿಹಾಕುತ್ತಿರುವುದು ಯಾರನ್ನು? 2008ರಲ್ಲಿ ‘ಸ್ಪೋರ್’ ಆಟವನ್ನು ಹಣ ತೆತ್ತು ಕೊಂಡವನು ಮೂರೇ ಕಂಪ್ಯೂಟರುಗಳಲ್ಲಿ ಹಾಕಿಕೊಳ್ಳಬೇಕೆಂದು ಎಲೆಕ್ಟ್ರಾನಿಕ್ ಆರ್ಟ್ಸ್ ಕಟ್ಟಳೆ ಮಾಡಿತು. ಕದ್ದ ಪ್ರತಿಗೆ ಆ ಕಟ್ಟಳೆಯೇ ಇಲ್ಲ. ಅದು ಬಿಡುಗಡೆಗೆ ಮೊದಲೇ ಹೊರಬಿದ್ದಿತ್ತು! ಗಲಾಟೆಯೆದ್ದ ಮೇಲೆ ಮೂರು ಐದಾಯಿತು. ಎಂಥ ಔದಾರ್ಯ!

ಯೂಬಿಸಾಫ್ಟಿನವರು ಇನ್ನೂ ಮುಂದೆ ಹೋದರು. 2010ರಲ್ಲಿ ಕಂಪ್ಯೂಟರಿಗೆ ಬಂದ ‘ಅಸ್ಯಾಸಿನ್ಸ್ ಕ್ರೀಡ್ 2’ ಒಬ್ಬನೇ ಕುಳಿತು ಆಡುವ ಆಟ. ಆದರೂ ಕಂಪ್ಯೂಟರಿನಲ್ಲಿ ಆಡುವವನು ಎಡೆಬಿಡದೆ ಕಂಪನಿಯ ಸರ್ವರಿಗೆ ಹಾಜರಿ ಹಾಕುತ್ತಿರಬೇಕಾಗಿತ್ತು. ಇಂಟರ್‌ನೆಟ್ ಕಡಿದರೆ ಆಟ ಅಲ್ಲೇ ಸ್ಥಗಿತ. ಆ ಮಾರ್ಚ್ ತಿಂಗಳಲ್ಲಿ ಸರ್ವರುಗಳ ಮೇಲೆ ದಾಳಿ ನಡೆದು, ಕಾಸು ಕೊಟ್ಟವರೇ ಗಂಟೆಗಟ್ಟಲೆ ಹೊರಗೆ ನಿಂತರು. ಮನೆ ಮಾರಿದ ಮೇಲೂ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವ ಧಣಿಗಳ ಬುದ್ಧಿಯಿದು. ನಿರಂತರ ಹಾಜರಿಯ ಪದ್ಧತಿಯನ್ನು ಕೈಬಿಟ್ಟುದಾಗಿ ಅವರೇ 2012ರಲ್ಲಿ ಒಪ್ಪಿದರೆನ್ನಿ.

ಬೀಗವಿಲ್ಲದೆ ವ್ಯಾಪಾರವೇ ನಡೆಯದೆಂಬ ವಾದವನ್ನು ನಂಬುವವರು ಪೋಲೆಂಡಿನತ್ತ ನೋಡಲಿ. 2011ರಲ್ಲಿ ಸಿಡಿ ಪ್ರಾಜೆಕ್ಟಿನವರು ‘ವಿಚರ್ 2’ ಆಟವನ್ನು ತಮ್ಮ ‘ಗಾಗ್’ ಅಂಗಡಿಯಲ್ಲಿ ಯಾವ ಬೀಗವೂ ಇಲ್ಲದೆ ಮಾರಿದರು. ಅಂಗಡಿ ಮುಳುಗಲಿಲ್ಲ.